ಗುಬ್ಬಿಕೊಪ್ಪದ ಶ್ರೀಮಂತ ಮಣ್ಣು

ಶಿರಸಿ ಎಂದ ಕೂಡಲೇ ಹೊರಗಿನವರ ಬಾಯಿಗೆ ಬರುವುದು ಅಡಿಕೆ, ಕಣ್ಣಿಗೆ ಬರುವುದು ಮಳೆ. ಗುಬ್ಬಿಕೊಪ್ಪದವರಿಗೆ ಇವೆರಡರ ಸಮಾಚಾರವೂ ಪೇಪರಿನಲ್ಲೇ ಸಿಗುವುದು. ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಬನವಾಸಿ ರಸ್ತೆಯಿಂದ ಮೂರು ಮೈಲಿ ಒಳಗೆ ಈ ಊರು. ಮೋಡಗಳು ಹುಲೇಕಲ್ಲಿನ ಕಡೆ ಹೊಟ್ಟೆ ಬಿರಿಯ ಸುರಿದು, ಬರಿಗೈ ಬೀಸಿಕೊಂಡು ಇಲ್ಲಿಗೆ ಬರುತ್ತವೆ. ಬಂದು ಹೋದದ್ದಕ್ಕೆ ಗುರುತಿಗೆಂದು ನಾಲ್ಕು ಹನಿ ಹಾಕಿ ಹಾವೇರಿಯ ದಾರಿ ಹಿಡಿಯುತ್ತವೆ. ಕಾಲುವೆ ಇಲ್ಲ, ಕೆರೆ ಇದೆ ಎಂದು ನಕ್ಷೆಯಲ್ಲಿ ಮಾತ್ರ ಬರೆದಿದೆ. ಕೆಂಪು ಗರಸಿನ ಹೊಲಕ್ಕೆ ಗುದ್ದಲಿ ಹಾಕಿದರೆ ಒಂದು ಗೇಣಿಗೇ ಕಲ್ಲು ಸದ್ದು ಮಾಡುತ್ತದೆ. ಮಳೆ ಬಂದ ವರ್ಷ ಗೋವಿನಜೋಳ, ಬಾರದ ವರ್ಷ ಹುರುಳಿ, ಎರಡೂ ಆಗದ ವರ್ಷ ಭಾಷಣ. ಇದು ಇಲ್ಲಿನ ಬೆಳೆಯ ಸರದಿ.

ಇಂಥ ಹೊಲದಲ್ಲಿ ಮೂರೆಕರೆಗೆ ಒಡೆಯ ಕೆರಿಯ. ವಯಸ್ಸು ಅರವತ್ತರ ಮೇಲೆ, ಮೈಯಲ್ಲಿ ಮಾಂಸ ಕಡಿಮೆ, ಮೀಸೆ ಮಾತ್ರ ಮೂರೆಕರೆಗಿಂತ ಹೆಚ್ಚು. ಅವನ ಅಪ್ಪ ಆ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು. ಉಳುವವನೇ ಒಡೆಯ ಎಂದಾದಾಗ ಕಾಗದ ಅವನ ಹೆಸರಿಗೆ ಬಂತು. ಒಡೆಯನಾದ ಮೇಲೆ ಆ ಮುದುಕ ಹನ್ನೊಂದು ವರ್ಷ ಬೇರೆ ಕೆಲಸ ಮಾಡಲಿಲ್ಲ. ಹೊಲದ ಕಲ್ಲು ಆರಿಸಿದ. ಆರಿಸಿದ ಕಲ್ಲನ್ನು ಮೂಲೆಗೆ ಒಟ್ಟಿದ. ಗುಡ್ಡೆ ಮನೆಯಷ್ಟಾಯಿತು, ಹೊಲದಲ್ಲಿ ಕಲ್ಲು ಇದ್ದಷ್ಟೇ ಇತ್ತು. ಕೊನೆಗೆ ಕಲ್ಲು ಉಳಿಯಿತು, ಮುದುಕ ಹೋದ.

ಹಾಗಾಗಿ ಆ ಮಣ್ಣನ್ನು ಯಾರಾದರೂ ಆಡಿಕೊಂಡರೆ ಕೆರಿಯನಿಗೆ ಅದು ಅಪ್ಪನನ್ನು ಬೈದ ಹಾಗೆ. ತಂಗಿಯ ಸಂಬಂಧ ನೋಡಲು ಬಂದ ಬೀಗರು ಎಲೆಯ ಮುಂದೆ ಕೂತು, ನಿಮ್ಮದು ಕಲ್ಲು ಹೊಲವಂತಲ್ಲ ಎಂದದ್ದಕ್ಕೆ ಅರ್ಧ ಊಟದಲ್ಲಿ ಅವರನ್ನು ಎಬ್ಬಿಸಿದ್ದ. ತಂಗಿಗೆ ಮುಂದೆ ಎರಡು ವರ್ಷ ಗಂಡು ಸಿಗಲಿಲ್ಲ. ಹೆಂಡತಿಯ ಅಣ್ಣನೊಡನೆ ಇದೇ ವಿಷಯಕ್ಕೆ ಮಾತು ಬಿಟ್ಟು ಹದಿನೈದು ವರ್ಷವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಕೆರಿಯ ಗರಸು ಮಣ್ಣನ್ನು ಮುದ್ದು ಮಾಡುತ್ತಿದ್ದ.

ಆ ಮಣ್ಣಿನಲ್ಲಿ ಅಷ್ಟಿಷ್ಟು ಬೆಳೆ ಬರುತ್ತಿದ್ದುದು ಮುದ್ದಿನಿಂದಲ್ಲ, ಹೆಂಡತಿ ದುರ್ಗಮ್ಮನ ತಲೆಯಿಂದ. ನಲವತ್ತು ವರ್ಷ ಆಕೆ ಎರಡೆತ್ತು, ಒಂದೆಮ್ಮೆಯ ಸಗಣಿಯನ್ನು ತಿಪ್ಪೆಗೆ ಸೇರಿಸಿ, ಕೊಳೆಸಿ, ಬೇಸಗೆಯಲ್ಲಿ ಬುಟ್ಟಿ ಬುಟ್ಟಿಯಾಗಿ ಹೊತ್ತು ಹೊಲಕ್ಕೆ ಚೆಲ್ಲಿದ್ದಳು. ತಲೆಯ ನಡುವೆ ಅಂಗೈಯಗಲ ಕೂದಲೇ ಉಳಿದಿರಲಿಲ್ಲ. ಫಸಲು ಬಂದಾಗ ಕೆರಿಯ ಮೀಸೆ ತಿರುವಿ, ಮಣ್ಣಿನ ಗುಣ ಎನ್ನುತ್ತಿದ್ದ.

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ ಶಿರಸಿಯ ರೈತ ಸೇವಾ ಸಂಸ್ಥೆಯೊಂದರಿಂದ ಅನುಶ್ರೀ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಇಸಳೂರಿನವಳು, ಕೃಷಿ ಓದಿದವಳು, ಹೇಳಬೇಕಾದ್ದನ್ನೆಲ್ಲ ಎರಡು ಸಲ ಹೇಳುವವಳು. ಪ್ರತಿಯೊಬ್ಬರ ಹೊಲದ ಮಣ್ಣು ಪರೀಕ್ಷೆ ಮಾಡಿಸಿ ಚೀಟಿ ಕೊಡುತ್ತೇವೆ, ಅದರ ಪ್ರಕಾರ ಗೊಬ್ಬರ ಹಾಕಿದರೆ ಸಾಕು ಎಂದಳು. ಹೊಲದ ಒಂಬತ್ತು ಕಡೆ ಗೇಣು ಆಳದ ಗುಂಡಿ ತೆಗೆದು, ಎಲ್ಲ ಮಣ್ಣು ಕಲಸಿ, ಅರ್ಧ ಕಿಲೋ ಚೀಲಕ್ಕೆ ತುಂಬಬೇಕು. ಬದುವಿನ ಮಣ್ಣು ಬೇಡ, ಮರದ ಬುಡದ್ದು ಬೇಡ, ತಿಪ್ಪೆಯ ಹತ್ತಿರದ್ದಂತೂ ಬೇಡವೇ ಬೇಡ, ಅಲ್ಲಿ ಸತ್ವ ಸುಳ್ಳು ಸುಳ್ಳೇ ಹೆಚ್ಚು ತೋರಿಸುತ್ತದೆ ಎಂದು ಎರಡು ಸಲ ಹೇಳಿದಳು.

ಅಲ್ಲಿಯವರೆಗೆ ಕೆರಿಯನ ತಲೆಗೆ ಅಂಥದ್ದೇನೂ ಹೊಳೆದಿರಲಿಲ್ಲ. ಬೇಡ ಎಂದ ಮೂರು ಜಾಗಗಳ ಪೈಕಿ ಅತ್ಯುತ್ತಮ ಯಾವುದು ಎಂದು ಹುಡುಗಿಯೇ ಹೇಳಿಕೊಟ್ಟ ಮೇಲೆ ಅವನಾದರೂ ಏನು ಮಾಡಿಯಾನು? ಮನೆಗೆ ಹೋಗಿ ತಿಪ್ಪೆಯ ಬುಡದಲ್ಲಿ ಕೂತು, ಕರ್ರಗೆ ಘಮಘಮಿಸುವ ಮಣ್ಣನ್ನು ಚೀಲಕ್ಕೆ ತುಂಬತೊಡಗಿದ. ದುರ್ಗಮ್ಮ ನೋಡಿ, ಇದೇನು ಮಾಡುತ್ತಿದ್ದೀರಿ ಎಂದಳು.

"ಹೆಣ್ಣ ತೋರ್ಸೂ ಮುಂದ ಮುಖಾ ತೊಳಸ್ದ ಕುಂದರಸ್ತಾರೇನ?" ಎಂದ ಕೆರಿಯ.

ಚೀಲದ ಮೇಲೆ ಹೆಸರು ಬರೆಸಿ ಕೊಟ್ಟ. ಪೇಟೆಯ ಯಾವುದೋ ಯಂತ್ರದ ಮುಂದೆ ತನ್ನ ಅಪ್ಪನ ಮಣ್ಣಿನ ಮಾನ ಹೋಗಬಾರದು, ಅವನಿಗೆ ಬೇಕಿದ್ದದ್ದು ಅಷ್ಟೆ.

ಮಾನ ಹೋಗಲಿಲ್ಲ, ಸಿಕ್ಕಾಪಟ್ಟೆ ಬಂತು. ತಿಂಗಳ ಮೇಲೆ ಬಂದ ಚೀಟಿಗಳಲ್ಲಿ ಊರಿಗೆ ಊರೇ 'ಕಡಿಮೆ'. ಕೆರಿಯನ ಚೀಟಿಯಲ್ಲಿ ಸಾರಜನಕ ಹೆಚ್ಚು, ರಂಜಕ ಹೆಚ್ಚು, ಪೊಟ್ಯಾಷ್ ಹೆಚ್ಚು. ಸಾವಯವ ಇಂಗಾಲವನ್ನಂತೂ ನೋಡಿದವರು ಯಂತ್ರವೇ ಕೆಟ್ಟಿರಬೇಕು ಎಂದರಂತೆ. ಯಂತ್ರ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಸಂಸ್ಥೆಯ ದೊಡ್ಡ ಸಾಹೇಬರೇ ಕಾರು ಮಾಡಿಕೊಂಡು ಬಂದರು. ಹೊಲದ ಬದುವಿನ ಮೇಲೆ ನಿಂತು, ಕಣ್ಣಿಗೆ ಕಾಣುವ ಕಲ್ಲನ್ನು ಬಿಟ್ಟು ಕೈಯಲ್ಲಿದ್ದ ಕಾಗದವನ್ನು ನೋಡಿ, ಅದ್ಭುತ ಎಂದರು. ಇಷ್ಟು ಸತ್ವ ಇರುವ ಮಣ್ಣಿಗೆ ಒಂದು ವರ್ಷ ಯಾವ ಗೊಬ್ಬರವನ್ನೂ ಹಾಕದೆ ಬೆಳೆ ತೆಗೆದು ತೋರಿಸೋಣ, ಇದೇ ನಮ್ಮ ಮಾದರಿ ಹೊಲ ಎಂದು ಬಾಯಲ್ಲೇ ಅಪ್ಪಣೆಯಾಯಿತು. ವಾರದಲ್ಲಿ ಹಸಿರು ಬೋರ್ಡು ಬಂದು ನಿಂತಿತು. ಬೋರ್ಡು ನೆಡಲು ಗುಂಡಿ ತೋಡಿದವನ ಹಾರೆಯ ತುದಿ ಎರಡು ಸಲ ಮೊಂಡಾಯಿತು, ಆದರೆ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕೆರಿಯನ ಬಾಯಲ್ಲಿ ಬಿಸಿತುಪ್ಪ. ಆದರೂ ಚೀಟಿಗೆ ಕಟ್ಟು ಹಾಕಿಸಿ ಅಪ್ಪನ ಫೋಟೋದ ಪಕ್ಕ ತೂಗುಹಾಕಿದ. ಕಂಡವರೆಲ್ಲ ಕೈಮುಗಿದು ಮಾತಾಡಿಸುವಾಗ, ನಿಜ ಹೇಳಲು ಇವತ್ತು ದಿನ ಚೆನ್ನಾಗಿಲ್ಲ ಎಂದು ಅವನಿಗೆ ದಿನವೂ ಅನ್ನಿಸುತ್ತಿತ್ತು.

ಆಗಲೇ ಶಿರಸಿಯ ಅಬ್ದುಲ್ ಗಫೂರ್ ಟೆಂಪೋ ತಂದ. ಬೇಸಗೆಯ ಕೊನೆಗೆ ಅವನು ಈ ಕಡೆಯ ಊರುಗಳ ತಿಪ್ಪೆ ಕೊಂಡು ಹೆಗಡೆಕಟ್ಟಾ, ಹುಲೇಕಲ್ಲಿನ ಅಡಿಕೆ ತೋಟಗಳಿಗೆ ಹೊಡೆಯುತ್ತಾನೆ. ಮಳೆ ಅತ್ತ, ಸಗಣಿಯೂ ಅತ್ತ. ಇತ್ತ ಉಳಿಯುವುದು ಬಿಸಿಲು. ಪ್ರತಿ ವರ್ಷ ಕೆರಿಯನ ಮನೆಯ ಮುಂದೆ ಗಫೂರ್ ಟೆಂಪೋ ನಿಲ್ಲಿಸುತ್ತಲೇ ಇರಲಿಲ್ಲ, ದುರ್ಗಮ್ಮನ ಬಾಯಿಗೆ ಹೆದರಿ. ಈ ಸಲ ಅವನೂ ಚೀಟಿಯ ಸುದ್ದಿ ಕೇಳಿದ್ದ. ಗೊಬ್ಬರ ಬೇಡವಂತಲ್ಲ ನಿಮಗೆ ಎಂದು ಊರ ಕಟ್ಟೆಯ ಮೇಲೆ, ಹತ್ತು ಜನರ ಮುಂದೆ ಕೇಳಿದ. ಬೇಕು ಎನ್ನಲು ಕೆರಿಯನ ಮೀಸೆ ಬಿಡಲಿಲ್ಲ. ನೂರಾರು ಬುಟ್ಟಿಗಳ ತಿಪ್ಪೆ ಟೆಂಪೋ ಹತ್ತಿತು. ದುರ್ಗಮ್ಮ ಅವತ್ತಿಂದ ಗಂಡನ ಜೊತೆ ಮಾತಾಡಿದ್ದು ಊಟಕ್ಕೆ ಕರೆಯಲಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ನಗೆಯ ಕತೆ. ಆದರೆ ಕೆರಿಯನ ಬದುವಿನ ಆಚೆ ಪಾರ್ವತವ್ವನ ಒಂದೆಕರೆ ಇತ್ತು.

ಪಾರ್ವತವ್ವನ ಗಂಡ ಸತ್ತು ಮೂರು ವರ್ಷ. ಮಕ್ಕಳಿಲ್ಲ. ಹೊಲ ಗಂಡನದೂ ಮೈದುನನದೂ ಜಂಟಿ ಖಾತೆಯಲ್ಲಿತ್ತು. ಮೈದುನನ ಮಗ ನಂದನ ಅಡಿಕೆ ಸಸಿ ಮಾರುವವನು. ಗರಸಿನಲ್ಲೂ ಬೋರು ಹೊಡೆದರೆ ಅಡಿಕೆ ಬರುತ್ತದೆ ಎಂಬುದು ಅವನ ನಂಬಿಕೆ. ನಂಬಿಕೆ ಇಲ್ಲದಿದ್ದರೆ ಸಸಿ ಹೇಗೆ ಮಾರುತ್ತಾನೆ? ದೊಡ್ಡವ್ವನ ಕೈಯಲ್ಲಿ ಸಾಗುವಳಿ ಆಗುವುದಿಲ್ಲ, ಎರಡು ವರ್ಷ ಬೆಳೆ ಸುಟ್ಟಿದೆ, ಹೊಲ ನನಗೆ ಬಿಡಲಿ, ಅಕ್ಕಿ ನಾನು ಕೊಡುತ್ತೇನೆ ಎಂದು ಊರ ಹಿರಿಯರ ಮುಂದೆ ಇಟ್ಟಿದ್ದ. ಹಿರಿಯರು ಹಿರಿಯರ ಹಾಗೆಯೇ ತೀರ್ಮಾನ ಮಾಡಿದರು. ಇದೊಂದು ಮಳೆಗಾಲ ನೋಡೋಣ. ಬೆಳೆ ಬಂದರೆ ಪಾರ್ವತವ್ವ ಸಾಯುವವರೆಗೆ ಹೊಲ ಅವಳದು. ಬಾರದಿದ್ದರೆ ಭೂಮಿ ಹುಣ್ಣಿಮೆಯ ಮಾರನೆ ದಿನ ನಂದನನಿಗೆ. ಅಕ್ಕಿ ಕೊಡುವವನ ಕೈ ಕಾಯುತ್ತ ಅವನ ಜಗುಲಿಯಲ್ಲಿ ಕೂರುವುದೆಂದರೆ ಏನು ಎಂದು ಪಾರ್ವತವ್ವನಿಗೆ ಚೆನ್ನಾಗಿ ಗೊತ್ತಿತ್ತು, ಅವಳ ಅತ್ತೆ ಹಾಗೆಯೇ ಕೂತು ಸತ್ತಿದ್ದಳು. ಆದರೂ ಹೂಂ ಅಂದಳು.

ಮೃಗಶಿರಾ ಮಳೆಗೆ ಮುಂಚೆ ಅವಳು ಬದುವಿನ ಹತ್ತಿರ ಬಂದು ಕೆರಿಯನನ್ನು ಕೇಳಿದಳು. ಅವಳು ಪರೀಕ್ಷೆಗೆ ಮಣ್ಣು ಕೊಟ್ಟಿರಲಿಲ್ಲ, ಚೀಟಿ ಇರಲಿಲ್ಲ.

"ಕೆರಿಯಣ್ಣ, ನಿನ್ನ ಹೊಲಕ್ಕ ಗೊಬ್ರ ಬ್ಯಾಡ ಅಂದಾರಂತ. ಬದುವು ದಾಟಿದ್ರ ಮಣ್ಣೇನು ಬ್ಯಾರೆ ಆಕ್ಕೈತೇನು?"

ಕೆರಿಯ ಆಗ ಹೇಳಬಹುದಿತ್ತು. ಅಕ್ಕಪಕ್ಕ ಒಂದು ನರಪಿಳ್ಳೆಯೂ ಇರಲಿಲ್ಲ. ಇವತ್ತಿಗೂ ಅವನು ಆ ಮಧ್ಯಾಹ್ನವನ್ನು ನೆನೆದರೆ ಕಣ್ಣು ತಗ್ಗಿಸುತ್ತಾನೆ. ಅವನು ಆಡಿದ್ದು ಅಪ್ಪಟ ಸತ್ಯ.

"ಎರಡೂ ಒಂದ ಮಣ್ಣ ಬಿಡ ತಂಗಿ," ಎಂದ.

ಪಾರ್ವತವ್ವ ತನ್ನ ತಿಪ್ಪೆಯನ್ನೂ ಗಫೂರನಿಗೆ ಕೊಟ್ಟು, ಬಂದದ್ದರಲ್ಲಿ ಒಳ್ಳೆಯ ಬೀಜ ತಂದಳು. ಊರಿನ ಉಳಿದವರು ತಮ್ಮ ಚೀಟಿಯ 'ಕಡಿಮೆ'ಗೆ ಮರ್ಯಾದೆ ಕೊಟ್ಟು ಗೊಬ್ಬರ ಹಾಕಿದರು. ಗೊಬ್ಬರವಿಲ್ಲದೆ ಬಿತ್ತಿದ್ದು ಇಡೀ ಊರಿನಲ್ಲಿ ಇಬ್ಬರೇ.

ಗೋವಿನಜೋಳ ನಾಲ್ಕೆಲೆ ಒಡೆಯುವವರೆಗೆ ಎಲ್ಲರದ್ದೂ ಒಂದೇ ಹಸಿರು. ಬೀಜದೊಳಗಿನ ಬುತ್ತಿ ಅಷ್ಟು ದಿನ ಬರುತ್ತದೆ. ಆ ವರ್ಷ ಅಪರೂಪಕ್ಕೆ ಆರಿದ್ರಾ ಮಳೆ ಹಿಡಿದು ಸುರಿದು ಮೇಲ್ಮಣ್ಣು ತೊಳೆದು ಹೋದ ಮೇಲೆ ಬೇರು ಕೆಳಗೆ ಹುಡುಕುತ್ತದೆ, ಕೆಳಗೆ ಕಲ್ಲು. ಪುನರ್ವಸುವಿನ ಹೊತ್ತಿಗೆ ಬದುವಿನ ಎರಡೂ ಕಡೆ ಎಲೆಗಳು ತುದಿಯಿಂದ ಹಳದಿಗಟ್ಟತೊಡಗಿದವು. ಮೊಣಕಾಲೆತ್ತರಕ್ಕೆ ಬರಬೇಕಾದ ಪೈರು ಅಂಗೈಯೆತ್ತರದಲ್ಲಿ ನಿಂತು ಯೋಚನೆ ಮಾಡುತ್ತಿತ್ತು. ಮುಂದಿನ ತಿಂಗಳು ಸಾಹೇಬರು ನೂರು ರೈತರನ್ನು ಕರೆತಂದು ಈ ಹೊಲ ತೋರಿಸುವವರಿದ್ದರು.

ಕೆರಿಯ ಇಸಳೂರಿನ ತಂಗಿಯ ಮನೆಗೆ ಹೋಗಿ ಒಂದು ಚೀಲ ಯೂರಿಯಾ ತಂದು, ಕೊಟ್ಟಿಗೆಯಲ್ಲಿ ಹುಲ್ಲಿನಡಿ ಇಟ್ಟ. ಹಾಕುವುದು ಯಾವಾಗ? ಮಾದರಿ ಹೊಲದಲ್ಲಿ ಯಾರ ಕಣ್ಣಾದರೂ ಇದ್ದೇ ಇರುತ್ತಿತ್ತು. ದೇವರು ದೊಡ್ಡವನು, ಪಕ್ಕದ ಊರಿನಲ್ಲಿ ಒಬ್ಬ ಮುದುಕನನ್ನು ಕರೆದುಕೊಂಡ. ತಿಥಿಯ ಊಟಕ್ಕೆ ಗುಬ್ಬಿಕೊಪ್ಪವೆಲ್ಲ ಟ್ರ್ಯಾಕ್ಟರ್ ಹತ್ತಿ ಹೋಯಿತು. ಕೆರಿಯ ಹೊಟ್ಟೆ ಹಿಡಿದುಕೊಂಡು ಮನೆಯಲ್ಲಿ ಉಳಿದ. ಟ್ರ್ಯಾಕ್ಟರಿನ ಸದ್ದು ದೂರವಾದದ್ದೇ ಹೊಟ್ಟೆನೋವು ವಾಸಿಯಾಯಿತು. ನಡುಮಧ್ಯಾಹ್ನದ ತುಂತುರಿನಲ್ಲಿ, ತನ್ನ ಹೊಲಕ್ಕೆ ತಾನೇ ಕಳ್ಳನ ಹಾಗೆ ಬಗ್ಗಿ ಬಗ್ಗಿ, ಸಾಲು ಸಾಲಿಗೆ ಬಿಳಿ ಕಾಳು ಉದುರಿಸಿದ.

ಮೂರೆಕರೆ ಮುಗಿದಾಗ ಚೀಲದಲ್ಲಿ ಇನ್ನೂ ಹತ್ತು ಕಿಲೋದಷ್ಟು ಉಳಿದಿತ್ತು. ಅವನು ಬದುವಿನ ಮೇಲೆ ನಿಂತ. ಆಚೆ ಪಾರ್ವತವ್ವನ ಹಳದಿ ಪೈರು. ಹತ್ತು ಹೆಜ್ಜೆ ಇಳಿದಿದ್ದರೆ ಆಗುತ್ತಿತ್ತು. ಹಾಕಿದರೆ, ಹಾಕಿದ್ದು ಯಾರು ಎಂದು ಅವಳು ಕೇಳುತ್ತಾಳೆ; ಯಾಕೆ ಹಾಕಿದೆ ಎಂದು ಊರು ಕೇಳುತ್ತದೆ; ಕೇಳುತ್ತ ಕೇಳುತ್ತ ಮಾತು ತಿಪ್ಪೆಯ ಬುಡಕ್ಕೆ ಬರುತ್ತದೆ. ಕೆರಿಯ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿ ಮನೆಗೆ ಬಂದ. ಅವತ್ತು ಅವನಿಗೆ ಅನ್ನ ಸೇರಲಿಲ್ಲ. ಹೊಟ್ಟೆನೋವಿನ ಸುಳ್ಳು ಕೊನೆಗೂ ನಿಜವಾಯಿತು.

ಹತ್ತು ದಿನದಲ್ಲಿ ಕೆರಿಯನ ಹೊಲ ಕಪ್ಪು ಹಸಿರಾಗಿ ಎದ್ದು ನಿಂತಿತು. ಪಾರ್ವತವ್ವನದು ಅಲ್ಲೇ ಕೂತಿತು. ಅವಳು ಎರಡು ಸಲ ಕಳೆ ತೆಗೆದಳು, ಎಡೆಕುಂಟೆ ಹೊಡೆಸಿದಳು, ಊರ ದೇವಿಗೆ ಕಾಯಿ ಒಡೆಸಿದಳು. ಅಷ್ಟರಲ್ಲಿ ಯಾರೋ ಹೇಳಿದರೆಂದು ಎಲ್ಲಿಂದಲೋ ಎರಡು ಬೊಗಸೆ ಗೊಬ್ಬರ ಕಾಡಿ ಬೇಡಿ ತಂದು ಬುಡಕ್ಕೆ ಹಾಕಿದಳು. ಕಾಲ ಮೀರಿದ ಪೈರಿಗೆ ಅದು ಯಾವ ಮೂಲೆಗೆ?

ಪೈರು ಹೂವಿಗೆ ಬಂದಾಗ ಸಾಹೇಬರ ಕ್ಷೇತ್ರೋತ್ಸವ ನಡೆಯಿತು. ಶಾಮಿಯಾನ, ಉಪ್ಪಿಟ್ಟು, ಮೈಕು. ಊರ ಹಿರಿಯರಿಗೆ ಮುಂದಿನ ಸಾಲಿನ ಕುರ್ಚಿ. ಕೆರಿಯನಿಗೆ ಶಾಲು ಹೊದಿಸಿದ ಮೇಲೆ ಸಾಹೇಬರು ಎಲ್ಲರನ್ನೂ ಬದುವಿನ ಮೇಲೆ ನಿಲ್ಲಿಸಿ, ಒಂದು ಕೈ ಅತ್ತ, ಒಂದು ಕೈ ಇತ್ತ ಚಾಚಿದರು. ಅದೇ ಮಣ್ಣು, ಅದೇ ಮಳೆ, ಅದೇ ಬೀಜ, ಇಬ್ಬರೂ ಗೊಬ್ಬರ ಹಾಕಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ದುಡಿಮೆಯಲ್ಲಿದೆ ಎಂದು ತಾವೇ ಉತ್ತರ ಕೊಟ್ಟರು. ನೂರು ಜನ ಪಾರ್ವತವ್ವನ ಕಡೆ ತಿರುಗಿದರು. ನಂದನ ಹಿರಿಯರ ಕುರ್ಚಿಯತ್ತ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ಗೋಣು ಹಾಕಿದ.

ಪಾರ್ವತವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಹೌದ್ರಿ, ನಂದ ತಪ್ಪ. ನನ್ನ ಕೈಲಿ ನೀಗಲಿಲ್ಲ," ಎಂದಳು.

ಅವಳ ಕೈಗಳನ್ನು ಕೆರಿಯ ನೋಡಿದ. ಉಗುರಿನ ಸಂದಿಯ ಕೆಂಪು ಮಣ್ಣು, ಕಳೆ ಕಿತ್ತು ಸೀಳಿದ ಬೆರಳು. ಹೆಗಲ ಮೇಲಿದ್ದ ಶಾಲು ತೆಗೆದು ಬದುವಿನ ಮೇಲಿಟ್ಟ.

"ಸಾಹೇಬ್ರ, ಆಕೀದೇನೂ ತಪ್ಪಿಲ್ರಿ. ನಾ ಕೊಟ್ಟ ಮಣ್ಣ ಹೊಲದ್ದಲ್ಲ, ನಮ್ಮನಿ ತಿಪ್ಪೀದು. ಈ ಹಸಿರು ಯೂರಿಯಾದ್ದು."

ಸಾಹೇಬರು ನಕ್ಕರು. ನೋಡಿ, ತುಂಬಿದ ಕೊಡ ಎಂದರೆ ಹೀಗೆ, ಬಡ ಹೆಂಗಸಿಗೆ ಅವಮಾನ ಆಗಬಾರದೆಂದು ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುವ ದೊಡ್ಡ ಮನಸ್ಸು ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಊರು, ನಿಜ ಹೇಳಿದಾಗ ಶಾಲನ್ನು ಎತ್ತಿ ಕೊಡವಿ ಮತ್ತೆ ಹೊದಿಸಿತು. ಕೆರಿಯ ಇನ್ನೂ ಎರಡು ಸಲ ಹೇಳಿದ. ಎರಡು ಸಲವೂ ಚಪ್ಪಾಳೆ ಜೋರಾಯಿತು.

ಚಪ್ಪಾಳೆ ತಟ್ಟದವರು ಮೂವರು. ದುರ್ಗಮ್ಮ, ಪಾರ್ವತವ್ವ ಮತ್ತು ಅನುಶ್ರೀ. ಜನ ಉಪ್ಪಿಟ್ಟಿಗೆ ಹೋದ ಮೇಲೆ ಅನುಶ್ರೀ ಬಂದು, ಎಂತಕ್ಕೆ ಹೀಗೆ ಮಾಡಿದ್ರಿ ಕೆರಿಯಣ್ಣ, ನಾನು ಎರಡು ಸಲ ಹೇಳಿದ್ದೆನಲ್ಲ ಎಂದಳು. ಅದಕ್ಕೇ ಮಾಡಿದೆ ಎನ್ನಲು ಕೆರಿಯನಿಗೆ ಬಾಯಿ ಬರಲಿಲ್ಲ. ಗುದ್ದಲಿ ತಂದು ಅವಳ ಕೈಗೆ ಕೊಟ್ಟ. ಅವಳು ಅವನ ಹೊಲದಲ್ಲಿ ಒಂಬತ್ತು ಗುಂಡಿ, ಪಾರ್ವತವ್ವನ ಹೊಲದಲ್ಲಿ ಒಂಬತ್ತು ಗುಂಡಿ ತಾನೇ ನಿಂತು ತೆಗೆಸಿ, ಎರಡು ಚೀಲ ತುಂಬಿ, ಸ್ಕೂಟರಿಗೆ ಕಟ್ಟಿಕೊಂಡು ಹೋದಳು. ಆ ಹೊತ್ತಿನಲ್ಲಿ ಪಾರ್ವತವ್ವ ಕೆರಿಯನಿಗೆ ಬೆನ್ನು ಹಾಕಿ ಕಳೆ ಕೀಳುತ್ತಿದ್ದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಭೂಮಿ ಹುಣ್ಣಿಮೆಯ ಮಾರನೆ ಬೆಳಿಗ್ಗೆ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಹುಣ್ಣಿಮೆಯ ದಿನ ಭೂಮಿತಾಯಿ ಬಸುರಿಯೆಂದು ಊರೆಲ್ಲ ಹೊಲಕ್ಕೆ ಹೋಗಿ ಎಡೆ ಇಟ್ಟು ಬಂದಿತ್ತು. ಪಾರ್ವತವ್ವನೂ ತನ್ನ ಬೆರಳು ಗಾತ್ರದ ತೆನೆಗಳ ಮುಂದೆ ಕಡುಬು ಇಟ್ಟು ಕೈಮುಗಿದಿದ್ದಳು. ನಂದನ ಆಗಲೇ ಬೋರಿನವರ ಜೊತೆ ಮಾತಾಡಿ ಬಂದಿದ್ದ. ಮುಗಿದ ಮಾತು, ಎದ್ದುಬಿಡೋಣ ಎನ್ನುವಷ್ಟರಲ್ಲಿ ಕೆರಿಯ ಬಂದ. ಕೈಯಲ್ಲಿ ಅನುಶ್ರೀ ತಂದುಕೊಟ್ಟ ಎರಡು ಹೊಸ ಚೀಟಿ.

ನಾಲ್ಕನೆಯ ಇಯತ್ತೆ ಓದಿದವನು. ಬೆರಳಿಟ್ಟು ಓದಬೇಕು. ಬೇರೆ ಯಾರಾದರೂ ಓದಲಿ ಎಂದರು, ಅವನು ಕೊಡಲಿಲ್ಲ. ಮೊದಲು ತನ್ನದನ್ನು ಓದಿದ.

"ಸಾರಜನಕ, ಕಡಿಮೆ. ರಂಜಕ, ಕಡಿಮೆ. ಪೊಟ್ಯಾಷ್, ಕಡಿಮೆ." ಅಲ್ಲಿಗೆ ಬೆರಳು ನಿಂತಿತು. ಹನ್ನೊಂದು ವರ್ಷ ಬಗ್ಗಿ ಕಲ್ಲಾರಿಸಿದ ಬೆನ್ನೊಂದು ಅವನ ಕಣ್ಣ ಮುಂದೆ ಬಂತು. ಯಾವ ಮಾತಿಗೆ ಬೀಗರನ್ನು ಅರ್ಧ ಊಟದಲ್ಲಿ ಎಬ್ಬಿಸಿದ್ದನೋ ಅದೇ ಮಾತನ್ನು ಈಗ ಅವನೇ, ಊರ ನಡುವೆ ನಿಂತು, ಅಕ್ಷರ ಅಕ್ಷರ ಬಿಡಿಸಿ ಹೇಳಬೇಕಿತ್ತು. ಕಣ್ಣೊರೆಸಿಕೊಂಡು ಮುಗಿಸಿದ. "ಸಾವಯವ ಇಂಗಾಲ, ಅತೀ ಕಡಿಮೆ."

ಆಮೇಲೆ ಪಾರ್ವತವ್ವನದು ಓದಿದ. ಅಕ್ಷರಕ್ಕೆ ಅಕ್ಷರ ಅದೇ. ತಿಪ್ಪೆಯ ಮಣ್ಣು ತುಂಬಿದ್ದು, ಬದುವಿನ ಹತ್ತಿರ ಅವಳು ಕೇಳಿದ್ದು, ತಾನು ಹೇಳಿದ್ದು, ತಿಥಿಯ ದಿನ ಉಳಿದ ಹತ್ತು ಕಿಲೋವನ್ನು ಮನೆಗೆ ಹೊತ್ತು ತಂದದ್ದು, ಒಂದನ್ನೂ ಬಿಡದೆ ಹೇಳಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಗದದಲ್ಲಿ ಬರೆದು ಬಂದ ಮೇಲೆ ನಂಬದೆ ಇರಲು ಅವರೇನು ದಡ್ಡರೇ? ಒಬ್ಬ ಹಿರಿಯ ಥೂ ಎಂದು ಕಟ್ಟೆಯ ಕೆಳಗೆ ಉಗುಳಿದ. ಕೆರಿಯ ತಲೆ ಎತ್ತಲಿಲ್ಲ.

ನಂದನ, ಚೀಟಿ ಏನೇ ಹೇಳಲಿ ಬೆಳೆಯಂತೂ ಬಂದಿಲ್ಲವಲ್ಲ ಎಂದು ಕೇಳಿ ನೋಡಿದ. ಹಿರಿಯರು ಬಹಳ ಹೊತ್ತು ತಮ್ಮ ತಮ್ಮಲ್ಲೇ ಗೊಣಗಿ, ಮೋಸದಿಂದ ಹೋದ ವರ್ಷ ಲೆಕ್ಕಕ್ಕಿಲ್ಲ, ಇನ್ನೊಂದು ಮಳೆಗಾಲ ಪಾರ್ವತವ್ವ ಮಾಡಲಿ ಎಂದರು. ಅವರಿಗೆ ಅದು ದೊಡ್ಡ ಧರ್ಮವಾಗಿ ಕಂಡಿತು. ಪಾರ್ವತವ್ವ ಕೈಮುಗಿದು ಉಪಕಾರ ಎನ್ನಲೆಂದು ಕಾದರು.

ಪಾರ್ವತವ್ವ ಅವರತ್ತ ನೋಡಲೂ ಇಲ್ಲ. ಎದ್ದು ಕೆರಿಯನ ಎದುರಿಗೆ ಬಂದು ನಿಂತಳು. ಅವಳ ಕಣ್ಣಿನಲ್ಲಿ ಕ್ಷಮೆಯೇನೂ ಇರಲಿಲ್ಲ, ಇರಬೇಕೆಂದು ಕೇಳುವ ಮುಖವೂ ಕೆರಿಯನಿಗೆ ಇರಲಿಲ್ಲ.

"ಈ ವರ್ಷದ ನಿನ್ನ ತಿಪ್ಪಿ ನಂದು. ಮುಂದಿನ ವರ್ಷದ್ದೂ ನಂದು," ಎಂದಳು. "ದುರ್ಗವ್ವ ಒಂದು ಬುಟ್ಟೀನೂ ಹೊರೂ ಹಂಗಿಲ್ಲ. ನೀನ ಹೊರಬೇಕು."

ಕೆರಿಯ ಹೂಂ ಅಂದ. ಮುಂದಿನ ಬೇಸಗೆ ಪೂರ್ತಿ ಅವನು ಪಾರ್ವತವ್ವನ ಹೊಲಕ್ಕೆ ಹೊತ್ತ. ಮೂರನೆಯ ದಿನಕ್ಕೆ ಕುತ್ತಿಗೆ ಹಿಡಿದುಕೊಂಡು, ಬುಟ್ಟಿಯನ್ನು ಬದುವಿನ ಮೇಲಿಳಿಸಿ ಕೂತಾಗ, ಇದನ್ನು ನಲವತ್ತು ವರ್ಷ ಹೇಗೆ ಹೊತ್ತೆ ಎಂದು ಹೆಂಡತಿಯನ್ನು ಕೇಳಿದ. ದುರ್ಗಮ್ಮ ಬಟ್ಟೆಯ ಸಿಂಬಿ ಸರಿಮಾಡಿ ಅವನ ತಲೆಯ ಮೇಲಿಟ್ಟು, ಬುಟ್ಟಿ ಎತ್ತಿಕೊಟ್ಟಳು.